ಬಾಲ್ಕನಿಯಲ್ಲಿ ಕೂತ ಬೇಸ್ ಗಿಟಾರ್

ಬ್ಲಾಕಿನಲ್ಲಿ ಟಿಕೆಟ್ ತಗೊಂಡು ಸಿನಿಮಾ ನೋಡದವರು ನಮ್ಮ ಓದುಗರಲ್ಲಿ ಯಾರಾದರೂ ಇದ್ದರೆ ಕೈ ಎತ್ತಲಿ! ನಾನಂತೂ ಎತ್ತುವುದಿಲ್ಲ. ಮೊದಲ ದಿನ, ಮೊದಲ ಷೋ ಅಂತ ಎರಡರಷ್ಟು ದುಡ್ಡು ಸುರಿದವನೇ ನಾನೂ. ಆದರೆ ತಾನೇ ನುಡಿಸಿದ ಹಾಡುಗಳ ಹಬ್ಬ ನೋಡಲು ಬ್ಲಾಕ್ ಟಿಕೆಟ್ ಕೊಂಡವನ ಕಥೆ ಕೇಳಿದ್ದೀರಾ? ಈ ವಾರ ಅದೇ ಕಥೆ.

ಹೆಸರು ಜೇಮ್ಸ್ ಜೇಮರ್‌ಸನ್. ಹುಟ್ಟಿದ್ದು 1936ರಲ್ಲಿ, ಅಮೆರಿಕದ ಸೌತ್ ಕೆರೊಲಿನಾದಲ್ಲಿ. ಹುಡುಗನಾಗಿದ್ದಾಗ ಕೋಲಿಗೆ ರಬ್ಬರ್ ಬ್ಯಾಂಡ್ ಬಿಗಿದು, ಇರುವೆ ಗೂಡಿನ ಹತ್ತಿರ ನೆಟ್ಟು ಮೀಟುತ್ತಿದ್ದನಂತೆ... ಇರುವೆಗಳು ಕುಣಿಯಲಿ ಅಂತ! ಮುಂದೆ ಇಡೀ ಜಗತ್ತೇ ಕುಣಿಯಿತು ಬಿಡಿ.

1954ರಲ್ಲಿ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್ ಸೇರಿದ. ಅಲ್ಲಿ ಬೆರಿ ಗಾರ್ಡಿ ಕಟ್ಟಿದ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಬೇಸ್ ಗಿಟಾರ್ ಹಿಡಿದ. ಸ್ಟುಡಿಯೋ ಅಂದರೆ ಒಂದು ಸಾಧಾರಣ ಮನೆಯ ಹಿಂಬದಿ. ಚಾವಣಿಯಿಂದ ವೈರುಗಳು ಹಾವಿನಂತೆ ಜೋತು ಬೀಳುತ್ತಿದ್ದವು. ವಾದ್ಯಗಾರರು ಅದಕ್ಕಿಟ್ಟ ಹೆಸರೇ ಹಾವಿನ ಗುಂಡಿ!

'ಬೇಸ್ ಗಿಟಾರಲ್ಲೇನಿದೆ ಗುರೂ, ಬರೀ ಡುಂ ಡುಂ' ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ನಮ್ಮೂರ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ, ಹಾಡಿನ ಮಧ್ಯೆ ಬೇಸ್ ಗಿಟಾರಿನ ವೈರ್ ಕಿತ್ತುಹೋಯಿತು. ಗಾಯಕ ಹಾಡುತ್ತಲೇ ಇದ್ದ, ಡ್ರಮ್ ಬಡಿಯುತ್ತಲೇ ಇತ್ತು. ಆದರೆ ಹಾಡು ಉಪ್ಪಿಲ್ಲದ ಸಾರಾಗಿಬಿಟ್ಟಿತು! ಅಷ್ಟು ವರ್ಷ ನಾನು ಆ ಹುಡುಗನ ಮುಖವನ್ನೇ ನೋಡಿರಲಿಲ್ಲ.

ಜೇಮರ್‌ಸನ್ ಆ ಡುಂ ಡುಂ ಅನ್ನೇ ಎರಡನೇ ಗಾಯಕನನ್ನಾಗಿ ಮಾಡಿದ. ಬಲಗೈಯ ತೋರುಬೆರಳು ಒಂದೇ ಸಾಕು, ತಂತಿ ಮೀಟಲು. ಆ ಬೆರಳಿಗೆ 'ಕೊಕ್ಕೆ' ಅಂತಲೇ ಹೆಸರು. ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' ಹಾಡು ಕೇಳಿ. ಯಾರೂ ಬಾಯಿ ಬಿಡುವ ಮೊದಲೇ ಅವನ ಬೇಸ್ ಶುರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯೇ ಇವನಿಂದ ಕಲಿತೆ ಅಂದವನು.

ಹಾಡುಗಾರರ ಫೋಟೋ ಊರೆಲ್ಲ. ಇವನ ಹೆಸರು? ಡಿಸ್ಕಿನ ಮೇಲೆ ಇರಲೇ ಇಲ್ಲ! ಮೋಟೌನಿನ ದೊಡ್ಡ ಆಲ್ಬಮ್ಮೊಂದರ ಕವರಿನ ಮೇಲೆ ಅದು ಕಂಡದ್ದು 1971ರಲ್ಲಿ, ಮಾರ್ವಿನ್ ಗೇ ಹಾಡಿದ 'ವಾಟ್ಸ್ ಗೋಯಿಂಗ್ ಆನ್' ಬಂದಾಗ. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟಿತು. ಇವನೂ ಹಿಂದೆ ಹೋದ. ಅಲ್ಲಿ ಹೊಸ ಶೈಲಿ, ಹೊಸ ಹುಡುಗರು. ಕರೆಗಳು ಕಮ್ಮಿಯಾದವು, ಕುಡಿತ ಜಾಸ್ತಿಯಾಯಿತು. ಮುಚ್ಚಿಡುವುದೇಕೆ?

1983ರ ಮಾರ್ಚ್ 25. ಪಾಸಡೀನಾದಲ್ಲಿ ಮೋಟೌನಿನ 25ರ ಸಂಭ್ರಮ. ಮೈಕಲ್ ಜಾಕ್ಸನ್ ಮೊದಲ ಸಲ ಮೂನ್‌ವಾಕ್ ಮಾಡಿ ತೋರಿಸಿದ್ದು ಅದೇ ರಾತ್ರಿ, ಗೊತ್ತಲ್ಲ? ಜೇಮರ್‌ಸನ್‌ಗೆ ಕರೆಯೋಲೆ ಇರಲಿಲ್ಲ. ಬ್ಲಾಕಿನಲ್ಲಿ ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದನಂತೆ. ಕೆಳಗೆ ತನ್ನ ಹಾಡುಗಳಿಗೆ ಚಪ್ಪಾಳೆಯೋ ಚಪ್ಪಾಳೆ. ಪಕ್ಕದ ಸೀಟಿನವನಿಗೆ ಇವನ್ಯಾರು ಅಂತ ಗೊತ್ತಿತ್ತೋ ಇಲ್ಲವೋ! ಅದೇ ವರ್ಷ ಆಗಸ್ಟ್ 2ರಂದು ತೀರಿಕೊಂಡ. ವಯಸ್ಸು ಬರೀ 47.

ಮರು ತಿಂಗಳೇ 'ದಿ ಬಿಗ್ ಚಿಲ್' ಚಿತ್ರ ತೆರೆಗೆ ಬಂತು. ಶುರುವಿನಲ್ಲೇ ಮಾರ್ವಿನ್ ಗೇ ಹಾಡು, ಅದರಡಿಯಲ್ಲಿ ಇವನದೇ ಬೇಸ್! 2000ದಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಇವನನ್ನು ಗೌರವಿಸಿತು. 2002ರಲ್ಲಿ ಇವನ ಮತ್ತು ಜೊತೆಗಾರರ ಮೇಲೆ 'ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್' ಅನ್ನೋ ಸಾಕ್ಷ್ಯಚಿತ್ರವೂ ಬಂತು. ನೋಡಲು ಅವನಿರಲಿಲ್ಲ, ಅಷ್ಟೇ.

ಹೀರೋಗೆ ಕಟೌಟ್ ಕಟ್ಟೋಣ, ಹಾರ ಹಾಕೋಣ, ನಮ್ಮ ಅಭಿಮಾನಕ್ಕೇನು ಕೊರತೆ! ಆದರೆ ಗೆಳೆಯರೇ, ಮುಂದಿನ ಸಲ ಹಾಡು ಬಂದಾಗ ಒಂದು ನಿಮಿಷ ಸೀಟಿ ನಿಲ್ಲಿಸಿ, ದನಿಯ ಕೆಳಗೆ ಕಿವಿ ಕೊಡಿ. ಅಲ್ಲೊಬ್ಬ ಇದ್ದಾನೆ. ಅವನ ಹೆಸರೇನು ಅಂತ ಕೇಳಿ, ಬದುಕಿರುವಾಗಲೇ ಕೇಳಿ.