ಕಡ್ಡಿ ಹಿಡಿದ ಕೈಗೆ ಕೂಲಿ ಬೇಡವೇ?

ಕಾರ್ತಿಕ ಕಳೆದು ಚಳಿ ಬಿತ್ತೆಂದರೆ ರಾಜಾಜಿನಗರ, ವಿಜಯನಗರದ ವಠಾರಗಳಲ್ಲಿ ಮೆಟ್ಟಿಲ ಮೇಲೆ ಕೂತ ಹೆಂಗಸರ ಕೈಯಲ್ಲಿ ಎರಡು ಕಡ್ಡಿಗಳು, ಮಡಿಲಲ್ಲಿ ಉಲ್ಲನ್ ಉಂಡೆ ಕಾಣುತ್ತವೆ. ಬೇಳೆ ಬೇಯುವ ತನಕ ಎರಡು ಸಾಲು, ನಲ್ಲಿಯಲ್ಲಿ ನೀರು ಬರುವ ತನಕ ಮತ್ತೆರಡು ಸಾಲು. ಕೂಸಿಗೆ ಕುಲಾವಿ, ರಾತ್ರಿ ಪಾಳಿಗೆ ಹೋಗುವ ಗಂಡನಿಗೆ ಮಫ್ಲರು, ಮುದುಕರಿಗೆ ಮಂಕಿ ಟೋಪಿ. ಇದು ಹೊತ್ತು ಕಳೆಯುವ ಕೆಲಸ ಎಂದು ಗಂಡಸರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ.

ಮನೆಯವರಿಗಾಗಿ ಹೆಣೆದದ್ದರ ಲೆಕ್ಕವನ್ನು ಮನೆಯವರಿಗೇ ಬಿಡೋಣ. ಅಂಗಡಿಯವನು ದಾರ ತೂಗಿ ಕೊಟ್ಟು, ಟೋಪಿಗಳನ್ನು ಎಣಿಸಿ ತೆಗೆದುಕೊಂಡು ಹೋಗುತ್ತಾನಲ್ಲ, ಆ ಲೆಕ್ಕವನ್ನು ನಾವು ಕೇಳುತ್ತಿದ್ದೇವೆ. ಒಂದು ಟೋಪಿಗೆ ನಾಲ್ಕು ಗಂಟೆ ಹಿಡಿಯಿತೆಂದೂ ಅದಕ್ಕೆ 60 ರೂಪಾಯಿ ಸಿಕ್ಕಿತೆಂದೂ ಇಟ್ಟುಕೊಳ್ಳಿ. ಗಂಟೆಗೆ 15 ರೂಪಾಯಿ ಆಯಿತು. ಈ ದರಕ್ಕೆ ಮಿಲ್ಲಿನ ಗೇಟಿನೊಳಗೆ ಯಾವ ಕೆಲಸಗಾರನಾದರೂ ಕಾಲಿಡುತ್ತಾನೆಯೇ? ಕಣ್ಣು ನೋವು, ಕುತ್ತಿಗೆ ನೋವು ಬಂದರೆ ಔಷಧದ ಖರ್ಚೂ ಅವಳದೇ. ರಾಜಾಜಿನಗರದಲ್ಲೇ ಇ.ಎಸ್.ಐ. ಆಸ್ಪತ್ರೆ ಇದೆ, ಆದರೆ ಅಲ್ಲಿ ತೋರಿಸಲು ಅವಳ ಹತ್ತಿರ ಕಾರ್ಡಿಲ್ಲ.

ಈ ಊರಿಗೆ ಉಣ್ಣೆಯ ಕೆಲಸ ಹೊಸದಲ್ಲ. 1884ರ ಜನವರಿಯಲ್ಲಿ ಬೆಂಗಳೂರಿನ ಉಷ್ಣಮಾನ 7.8 ಡಿಗ್ರಿಗೆ ಇಳಿದಿತ್ತು. ಅದಕ್ಕಿಂತ ಹೆಚ್ಚಿನ ಚಳಿ ಇಲ್ಲಿ ದಾಖಲಾಗಿಲ್ಲ. ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಹುಟ್ಟಿದ್ದೂ ಅದೇ ವರ್ಷ. ಜನರ ಬಾಯಲ್ಲಿ ಅದು ಬಿನ್ನಿಮಿಲ್ಲಾಯಿತು. ಅಲ್ಲಿನ ಕೆಲಸಗಾರರು ಸಂಘ ಕಟ್ಟಿದರು, ಮುಷ್ಕರ ಹೂಡಿದರು, ಲಾಠಿ ಗುಂಡುಗಳನ್ನೂ ಕಂಡರು. ದುಡಿದ ಗಂಟೆಗೆ ಲೆಕ್ಕವಿರಬೇಕೆಂಬ ಮಾತು ಈ ಭಾಗದ ಬೀದಿಗಳಿಗೆ ಬಂದದ್ದು ಹಾಗೆ. ಇಂದು ಆ ಮಿಲ್ಲಿಲ್ಲ. ಅದರ ನೆಲದ ಮೇಲೆ ವಸತಿ ಗೋಪುರಗಳೂ ಮಾಲೂ ನಿಂತಿವೆ. ಮಿಲ್ಲಿನ ಜೊತೆಗೆ ಹಾಜರಿ ಪುಸ್ತಕವೂ ಹೋಯಿತು, ಆದರೆ ಕೆಲಸ ಹೋಗಲಿಲ್ಲ. ಅದು ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತಿದೆ.

ಅಂಗಡಿಯವರ ಮಾತನ್ನೂ ಕೇಳಬೇಕು. ಅವರಲ್ಲಿ ಅನೇಕರು ನಮ್ಮ ಓದುಗರೇ. ಲೂಧಿಯಾನದ ಯಂತ್ರದ ಮಾಲು ಅಗ್ಗಕ್ಕೆ ಬಂದು ಬೀಳುತ್ತದೆ, ಕೈ ಹೆಣಿಗೆಗೆ ಹೆಚ್ಚು ಕೊಟ್ಟರೆ ಗಿರಾಕಿ ನಿಲ್ಲುವುದಿಲ್ಲ ಎನ್ನುತ್ತಾರೆ. ಇದು ಸುಳ್ಳಲ್ಲ. ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆ ನಿಂತ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಮಾರುವ ಸ್ವೆಟರುಗಳಲ್ಲೂ ಬಹುಪಾಲು ಲೂಧಿಯಾನದವೇ. ಆ ಬಡ ನಿರಾಶ್ರಿತರ ಮೇಲೆ ಹರಿಹಾಯುವುದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. (ಉಲ್ಲನ್ ಎಂದು ನಾವು ಕೊಳ್ಳುವ ದಾರದಲ್ಲಿ ಹೆಚ್ಚಿನದು ಅಕ್ರಿಲಿಕ್, ಕುರಿಯ ಮೈಯಿಂದಲ್ಲ, ಪೆಟ್ರೋಲಿಯಂನಿಂದ ಬಂದದ್ದು. ಚಳ್ಳಕೆರೆಯ ಕಂಬಳಿ ನೇಯುವವನ ಕಷ್ಟ ಇನ್ನೊಂದು ಕಥೆ.) ಆದರೆ ಪೈಪೋಟಿಯ ಪೆಟ್ಟೆಲ್ಲವೂ ಕಡ್ಡಿ ಹಿಡಿದವಳ ಬೆನ್ನಿಗೇ ಬೀಳಬೇಕೆಂಬುದು ಯಾವ ನ್ಯಾಯ?

ಮನೆಯಲ್ಲಿ ಕೂತು ಮಾಡಿದ್ದು ಕೆಲಸವೇ ಅಲ್ಲ ಎನ್ನುವವರಿಗೆ ಬೀಡಿಯವರ ಉದಾಹರಣೆ ಸಾಕು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಮನೆಯಲ್ಲಿ ಬೀಡಿ ಕಟ್ಟುವವರೂ ಅದರಲ್ಲಿ ಸೇರಿದರು. ಮಾಲೀಕರು ಸುಮ್ಮನಿರಲಿಲ್ಲ. ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನವರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1974ರಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು. ಎಲೆ, ತಂಬಾಕು ಕೊಟ್ಟು ಬೀಡಿ ಪಡೆಯುವವನು ಮಾಲೀಕನಾದರೆ, ದಾರ ಕೊಟ್ಟು ಟೋಪಿ ಪಡೆಯುವವನು ಬರೀ ಪರಿಚಯಸ್ಥನೇ? 1948ರ ಕನಿಷ್ಠ ವೇತನ ಕಾಯಿದೆಯೇ ಸಾಮಾನು ಪಡೆದು ಹೊರಗೆ ದುಡಿದು ಕೊಡುವವರನ್ನು ನೌಕರರ ವ್ಯಾಖ್ಯೆಯಲ್ಲಿ ಸೇರಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮನೆಯಲ್ಲಿ ದುಡಿಯುವವರ ಹೆಸರಿದೆ. ಮನೆಗೆಲಸದ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1996ರಲ್ಲಿ ಮಾಡಿದ 177ನೇ ಒಡಂಬಡಿಕೆಗೆ ಮಾತ್ರ ನಮ್ಮ ಸರ್ಕಾರ ಇನ್ನೂ ರುಜು ಹಾಕಿಲ್ಲ.

ಹೆಂಗಸರನ್ನು ಒಟ್ಟುಗೂಡಿಸುವುದು ಆಗದ ಮಾತು ಎಂದು ನಮ್ಮ ಸಂಘದ ಕೆಲವು ಹಿರಿಯರೇ ಹೇಳುತ್ತಾರೆ. 2016ರ ಏಪ್ರಿಲ್ ತಿಂಗಳನ್ನು ಅವರು ಮರೆತರೋ ಏನೋ. ಭವಿಷ್ಯನಿಧಿಯ ಹಣಕ್ಕೆ ಕೇಂದ್ರ ಸರ್ಕಾರ ಕೈ ಅಡ್ಡ ಹಿಡಿದಾಗ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಯಾವ ಮುಖಂಡನ ಅಪ್ಪಣೆಗೂ ಕಾಯದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಆ ನಿಯಮ ವಾಪಸಾಯಿತು. ಅವರಿಗೆ ಒಂದೇ ಗೇಟಿತ್ತು, ಹೆಣೆಯುವವರಿಗೆ ನೂರು ಮೆಟ್ಟಿಲು. ಕಷ್ಟ ಹೆಚ್ಚು ಎಂಬುದನ್ನು ಒಪ್ಪುತ್ತೇವೆ.

ಈ ಚಳಿಗಾಲಕ್ಕೆ ನಾವು ಕೇಳುವುದು ಒಂದು ಪುಸ್ತಕ. ಕೊಟ್ಟ ದಾರದ ತೂಕ, ಪಡೆದ ಟೋಪಿ ಮಫ್ಲರುಗಳ ಎಣಿಕೆ, ದರ, ತಾರೀಕು, ಇಬ್ಬರ ರುಜು ಇಷ್ಟೂ ಅದರಲ್ಲಿರಲಿ. ಪುಸ್ತಕ ಹೆಣೆಯುವವಳ ಬಳಿಯೇ ಇರಲಿ. ಒಂದು ಬೀದಿಯ ಹೆಂಗಸರು ತಮ್ಮ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗೆ ಎಷ್ಟು ದರ ಎಂಬುದು ತಿಳಿಯುತ್ತದೆ. ಎರಡು ರೇಖಾ ಪುಸ್ತಕಗಳ ಬೆಲೆಗೆ ಆಗುವ ಕೆಲಸವಿದು. ಪ್ರಾಮಾಣಿಕ ವ್ಯಾಪಾರಿಗೆ ಇದರಿಂದ ನಷ್ಟವಿಲ್ಲ. ಬರೆಯಲು ಬಾರದವರಿದ್ದರೆ ಬರೆದುಕೊಡಲು ಎದುರು ಮನೆಯ ಹೈಸ್ಕೂಲು ಹುಡುಗಿ ಇದ್ದಾಳೆ.