“ಎಲ್ಲವೂ ನಮ್ಮಿಂದಲೇ ಹೋದದ್ದು” ಎಂಬವರಿಗೆ ಒಂದು ಉತ್ತರ

ಕಳೆದ ತಿಂಗಳ ಗೋಷ್ಠಿಯಲ್ಲಿ, ಅಮೆರಿಕಾ ಸಂಚಾರವನ್ನು ಮುಗಿಸಿ ಬಂದ ಮಿತ್ರರೊಬ್ಬರು ಕ್ಯಾಲಿಫೋರ್ನಿಯಾದಲ್ಲಿರುವ ಮೆಕ್ಸಿಕನರ ಭೋಜನಶಾಲೆಗಳ ವಿಷಯವಾಗಿ ಒಂದು ತೀರ್ಪನ್ನು ಕೊಟ್ಟರು. “ಅಲ್ಲಿ ಹೊಸತೇನೂ ಇಲ್ಲ; ನಮ್ಮ ರೊಟ್ಟಿ, ನಮ್ಮ ಕಾಳುಪಲ್ಯ, ನಮ್ಮ ಮೆಣಸಿನಕಾಯಿಯ ಚಟ್ನಿ. ಎಲ್ಲವೂ ನಮ್ಮಿಂದಲೇ ಹೋದದ್ದು. ಅದಕ್ಕೆ ಅಷ್ಟು ಹಣ ಕೊಡುವುದು ಮೌಢ್ಯ” ಎಂಬುದೇ ಆ ತೀರ್ಪು. ಸಭಿಕರು ನಕ್ಕರು. ನಾನು ಅಂದು ಸುಮ್ಮನಿದ್ದೆನು. ಸುಮ್ಮನಿದ್ದುದನ್ನು ಸಮ್ಮತಿಯೆಂದು ಎಣಿಸಿಯಾರೆಂಬ ಭಯದಿಂದ ಈಗ ಬರೆಯುತ್ತಿದ್ದೇನೆ.

ನನ್ನ ಮಗನು ಆ ಪ್ರಾಂತದಲ್ಲಿರುವುದರಿಂದ ನಾನೂ ಅಂತಹ ಒಂದೆಡೆ ಉಂಡವನೇ. ಆರೇಳು ಮೇಜುಗಳ ಸಣ್ಣ ಅಂಗಡಿ. ಒಲೆಯ ಬಳಿ ಅಜ್ಜಿ, ಹಣದ ಪೆಟ್ಟಿಗೆಯ ಬಳಿ ಆಕೆಯ ಮಗ, ಬಡಿಸುವವಳು ಮೊಮ್ಮಗಳು. ನಾನು ಶಾಕಾಹಾರಿಯೆಂದು ತಿಳಿದೊಡನೆ ಆ ಹುಡುಗಿಯು ನನ್ನ ಮುಂದಿಟ್ಟಿದ್ದ ಕಾಳಿನ ಬಟ್ಟಲನ್ನು ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡಳು. ಅದನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸಿದ್ದರಂತೆ. ಆಕೆ ಹೇಳದಿದ್ದರೆ ನನಗೆ ತಿಳಿಯುವ ಸಂಭವವೇ ಇರಲಿಲ್ಲ. ಬಳಿಕ ಅಜ್ಜಿಯು ಬೇರೆ ಬಾಣಲೆಯನ್ನಿಟ್ಟು, ಮುಳ್ಳು ಹೆರೆದ ಪಾಪಾಸುಕಳ್ಳಿಯ ಎಳೆಯ ಹಾಳೆಗಳನ್ನು ಈರುಳ್ಳಿಯೊಡನೆ ಎಣ್ಣೆಯಲ್ಲಿ ಬಾಡಿಸಿ ಕಳುಹಿದಳು. ನಾವು ಹೊಲದ ಬೇಲಿಗೆ ನೆಟ್ಟು, ಅದು ಹಬ್ಬಿದಾಗ ಶಪಿಸಿದ ಕಳ್ಳಿಯ ಕುಲವೇ ಅದು! ಕೊಂಚ ಹುಳಿ, ಬೆಂಡೆಯಂತೆ ಕೊಂಚ ಲೋಳೆ, ನನಗಂತೂ ರುಚಿಸಿತು.

ಇನ್ನು “ನಮ್ಮಿಂದಲೇ ಹೋದದ್ದು” ಎಂಬ ಪ್ರತಿಜ್ಞೆಯನ್ನು ನೋಡೋಣ. ಪ್ರತಿಜ್ಞೆಗೆ ಹೇತುವೊಂದು ಬೇಕಷ್ಟೆ? ಮಿತ್ರರು ಹೇಳಿದ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ನಮ್ಮದು ಮೆಣಸು, ಅಂದರೆ ಕರಿಮೆಣಸು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳಲ್ಲಿ ಬಂದ ಹೊಸ ಕಾಯಿಗೆ ಬೇರೆ ಹೆಸರು ದೊರೆಯದೆ, ಮೆಣಸಿನಂತೆ ಖಾರವಾದ ಕಾಯಿಯೆಂದು ನಮ್ಮವರು ಕರೆದರು. ಬ್ಯಾಡಗಿಯ ಕೀರ್ತಿಯೆಲ್ಲ ಆಮೇಲಿನದು. ಟೊಮ್ಯಾಟೊ ಎಂಬ ಮಾತು ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ‘ತೊಮಾತ್ಲ್’ ಎಂಬುದರಿಂದ ಬಂದದ್ದು. ಹಿತ್ತಿಲಿನ ಸಪೋಟದ ಹೆಸರೂ ಅದೇ ಭಾಷೆಯ ‘ತ್ಸಾಪೊತ್ಲ್’ ಎಂಬುದರ ತದ್ಭವ. ನಾನು ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿದವನು. ಅದರ ವನೌಷಧಿವರ್ಗದಲ್ಲಿ ಈ ಮೂರಕ್ಕೂ ಸ್ಥಳವಿಲ್ಲ.

ಕೋಶವೇಕೆ? ಸಂಪ್ರದಾಯಸ್ಥರ ಮನೆಯ ಶ್ರಾದ್ಧದ ಅಡಿಗೆಯೇ ಸಾಕ್ಷಿ ನುಡಿಯುತ್ತದೆ. ಅಂದು ಸಾರಿಗೆ ಬೀಳುವುದು ಕರಿಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಟೊಮ್ಯಾಟೊ, ಆಲೂಗಡ್ಡೆಗಳು ಒಲೆಯ ಹತ್ತಿರಕ್ಕೂ ಬರುವುದಿಲ್ಲ. ಪಿತೃಗಳು ಉಣ್ಣದಿದ್ದುದನ್ನು ಅವರಿಗೆ ಬಡಿಸಲಾಗದೆಂಬುದನ್ನು ನಮ್ಮ ಅಡಿಗೆಮನೆ ಐದು ಶತಮಾನಗಳಾದರೂ ಮರೆತಿಲ್ಲ. ಮರೆತವರು ವೇದಿಕೆಯ ಮೇಲಿನ ನಾವು.

ಇಲ್ಲಿ ಮಿತ್ರರ ಪಕ್ಷದವರು ಸೋಮನಾಥಪುರವನ್ನು ಮುಂದೊಡ್ಡುವರೆಂದು ಬಲ್ಲೆನು. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆಯಿದೆಯೆಂದು ೧೯೮೯ರಲ್ಲಿ ಅಮೆರಿಕಾದ ವಿದ್ವಾಂಸರೇ ಬರೆದರು. ಆದರೆ ಅದು ತೆನೆಯಲ್ಲ, ಮುತ್ತುಗಳಿಂದ ತುಂಬಿದ ಮುಕ್ತಾಫಲವೆಂಬ ಕಲ್ಪಿತ ಫಲವೆಂದು ೧೯೯೩ರಲ್ಲಿ ಭಾರತೀಯ ವಿಜ್ಞಾನಿಗಳು ಉತ್ತರವಿತ್ತರು. ನನಗೆ ಉತ್ತರಪಕ್ಷವೇ ಗ್ರಾಹ್ಯ. ಹದಿಮೂರನೆಯ ಶತಮಾನದಲ್ಲಿ ಆ ಧಾನ್ಯವನ್ನು ದೇವರ ಕೈಗೆ ಕೊಡುವಷ್ಟು ಬಲ್ಲ ನಾಡು ಅದನ್ನು ಹೊಲದಲ್ಲಿ ಬೆಳೆದು ಒಂದು ಶಾಸನದಲ್ಲಾದರೂ ಸ್ಪಷ್ಟವಾಗಿ ಹೆಸರಿಸುತ್ತಿರಲಿಲ್ಲವೆ?

ಅವರಲ್ಲಿಗೆ ಈ ಕಡೆಯಿಂದ ಹೋದುದೇನೂ ಇಲ್ಲವೆಂದು ನನ್ನ ವಾದವಲ್ಲ. ಮಾವು ಹೋಯಿತು, ಅಕ್ಕಿಯೂ ಹೋಯಿತು. ಆದರೆ ಮನಿಲಾದ ಹಡಗುಗಳಲ್ಲಿ ಬಂದ ಒಂದು ಜಾತಿಯ ಮಾವನ್ನು ಅವರು ಇಂದಿಗೂ ಮನಿಲಾ ಮಾವೆಂದೇ ಕರೆಯುವರು.

ಮುಖ್ಯವಾಗಿ, ಅದು ನಮ್ಮ ರೊಟ್ಟಿಯಲ್ಲ. ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಇರುಳೆಲ್ಲ ನೆನೆಸಿ, ಸಿಪ್ಪೆಯನ್ನು ತೊಳೆದು, ಹಸಿಯಾಗಿಯೇ ಕಲ್ಲಿನಲ್ಲಿ ಅರೆದ ಹಿಟ್ಟಿನಿಂದ ಅದನ್ನು ತಟ್ಟುವರು. ಸುಣ್ಣವನ್ನು ತಾಂಬೂಲಕ್ಕಷ್ಟೇ ಬಲ್ಲ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆ ಸುಣ್ಣದ ಸಂಸ್ಕಾರದಿಂದಲೇ ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ತ್ವವು ದೇಹಕ್ಕೆ ದೊರೆಯುವುದು. ಯೂರೋಪಿನವರು ಕಾಳನ್ನು ಒಯ್ದರು, ಸಂಸ್ಕಾರವನ್ನು ಬಿಟ್ಟರು. ಮೆಕ್ಕೆಜೋಳವನ್ನೇ ನೆಚ್ಚಿದ ಸ್ಪೇನ್, ಇಟಲಿಗಳ ಬಡವರು ಚರ್ಮ ಸುಲಿದು ಬುದ್ಧಿಗೆಡಿಸುವ ಪೆಲಾಗ್ರ ರೋಗಕ್ಕೆ ತುತ್ತಾದರು. ಇಂತಹ ವಿದ್ಯೆಯನ್ನು ಸಹಸ್ರಾರು ವರ್ಷ ಕಾಪಾಡಿದವರು ಆ ಅಜ್ಜಿಯ ಪೂರ್ವಿಕರು. “ಹೊಸತೇನೂ ಇಲ್ಲ”ವಂತೆ!

ಕೊನೆಗೆ ಹಣದ ಮಾತು. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಲೂಸಿಯಾ ರೊಡ್ರಿಗೆಸ್ ಎಂಬಾಕೆಯ ಕುಟುಂಬವು ೧೯೩೭ರಲ್ಲಿ ‘ಮಿತ್ಲಾ ಕೆಫೆ’ಯನ್ನು ತೆರೆಯಿತು. ಎದುರು ಬದಿಯಲ್ಲಿ ತಿಂಡಿಯ ಅಂಗಡಿಯನ್ನಿಟ್ಟಿದ್ದ ಗ್ಲೆನ್ ಬೆಲ್ ಎಂಬವನು ಅಲ್ಲಿಯ ಟಾಕೋಗಳಿಗೆ ಜನ ಮುಗಿಬೀಳುವುದನ್ನು ಕಂಡು, ಅಲ್ಲಿಯೇ ತಿಂದು, ಮಾಡುವ ಕ್ರಮವನ್ನು ಅವರಿಂದಲೇ ಅರಿತನು. ೧೯೬೨ರಲ್ಲಿ ‘ಟಾಕೊ ಬೆಲ್’ ಹುಟ್ಟಿತು. ೨೦೧೦ರಲ್ಲಿ ಅದು ಬೆಂಗಳೂರಿಗೂ ಬಂದಿತು. ನಮ್ಮ ಹುಡುಗರು ಅಲ್ಲಿ ಬೆಲೆಯನ್ನು ಕೇಳದೆ ಕೊಡುವರು. ಇಟಲಿಯವರ ಹಿಟ್ಟಿನ ಎಳೆಗಳಿಗೂ ಹಾಗೆಯೇ ಕೊಡುವೆವು. ಅಲ್ಲಿ “ಇದು ನಮ್ಮ ಶಾವಿಗೆ” ಎಂದು ಯಾರೂ ಚೌಕಾಸಿಗಿಳಿಯರು. ಮುದುಕಿಯೊಬ್ಬಳು ಕೈಯಾರೆ ತಟ್ಟಿಕೊಟ್ಟಲ್ಲಿ ಮಾತ್ರ ನಮಗೆ ಪೂರ್ವಿಕರ ನೆನಪಾಗುವುದು. ಆ ಊರುಗಳಲ್ಲಿ ನಮ್ಮವರೇ ಭೋಜನಶಾಲೆಗಳನ್ನಿಟ್ಟು, “ಅನ್ನ, ಸಾರಿಗೆ ಇಷ್ಟು ಬೆಲೆಯೆ?” ಎಂಬ ಮಾತನ್ನು ಪರರಿಂದ ಕೇಳಿ ನೊಂದುಕೊಳ್ಳುವುದನ್ನು ಮಿತ್ರರು ಕಾಣಲಿಲ್ಲವೋ ಏನೋ.

ಅವರು ಈ ಪತ್ರಿಕೆಯಲ್ಲಿಯೇ ನನಗೆ ಉತ್ತರ ಬರೆಯುವರೆಂದು ಕೇಳಿದ್ದೇನೆ, ಸಂತೋಷ. ಬರೆಯುವ ಮುನ್ನ ತಮ್ಮ ಮನೆಯ ಮುಂದಿನ ತಿಥಿಗೆ ಬರುವ ಅಡಿಗೆಯವರನ್ನು, ಸಾರಿಗೆ ಎರಡು ಮೆಣಸಿನಕಾಯಿ ಮುರಿದುಹಾಕಿರೆಂದು ಒಮ್ಮೆ ಕೇಳಿ ನೋಡಲಿ.