ಹಳೇ ಪುಸ್ತಕ ರದ್ದಿಗಲ್ಲ!

ಕನ್ನಡದ ತರುಣರೇ, ಓದಿ ಮುಗಿಸಿದ ಕನ್ನಡ ಪುಸ್ತಕಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕುತ್ತೀರಾ? ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಅದೇ ಪುಸ್ತಕ ಬೇಕಾದ ಹುಡುಗನಿಗೆ ಬೆಂಗಳೂರಿನ ಅವೆನ್ಯೂ ರಸ್ತೆ ಬಲು ದೂರ. ಆದರೆ ಅವನ ಕೈಯಲ್ಲಿ ಮೊಬೈಲ್ ಇದೆ.

ಹಾಗಾದರೆ ಯಾವ ಆನ್‌ಲೈನ್ ಪೇಟೆ? ಓಎಲ್‌ಎಕ್ಸ್‌ನದು ಹೆಚ್ಚಾಗಿ ಊರೊಳಗಿನ ಗಿರಾಕಿ, ಮುಖಾಮುಖಿ ವ್ಯವಹಾರ. ದೂರದ ಓದುಗನನ್ನು ಮುಟ್ಟಲು ಅಮೆಜಾನ್‌ನಂಥ ಪೇಟೆ ಬೇಕು. ಅಲ್ಲಿ ಕಮಿಷನ್ ಕಡಿತವುಂಟು. ಪುಸ್ತಕದ ಗುರುತು ಐಎಸ್‌ಬಿಎನ್ ಸಂಖ್ಯೆ. ನಮ್ಮ ಎಷ್ಟೋ ಹಳೆಯ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ!

2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದ ಮುಖ ತೋರಿಸಿದವು. ಮುಖವೊಂದು ಕನ್ನಡವಾದರೆ ಸಾಕೇ? ಕನ್ನಡ ಲಿಪಿಯಲ್ಲಿ ಪುಸ್ತಕದ ಹೆಸರು ಬರೆದು ಹುಡುಕಿ. ಸಿಕ್ಕರೆ ಮಾತ್ರ ಅಲ್ಲಿ ಅಂಗಡಿ ಹೂಡಿ. ನೀವೇ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿದರೆ ಯಮನೂರಿನ ಹುಡುಗ ಹುಡುಕುವುದಾದರೂ ಹೇಗೆ?

ಸಾಗಣೆಗೆ ಅಂಜಬೇಡಿ. ನೇರವಾಗಿ ಗಿರಾಕಿ ಸಿಕ್ಕರೆ ಅಂಚೆಯ ‘ಜ್ಞಾನ ಪೋಸ್ಟ್’ ಕೇಳಿ ನೋಡಿ. 2025ರ ಮೇ 1ರಂದು ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ.

ಕನ್ನಡ ಪುಸ್ತಕ ಕೈಯಿಂದ ಕೈಗೆ ದಾಟಿದರೇ ಕನ್ನಡ ಉಳಿದೀತು. ಇವತ್ತೇ ಕಪಾಟು ತೆರೆಯಿರಿ!